ಶಾಲೆ ಗೋಡೆಗೆ ಕಥೆ ಕೇಳುವ ಮಕ್ಕಳ ಚಿತ್ರ: ಬರ್ತ್ ಮೊರಿಸೊ ಥರ ಮುಖ ಬಿಡಿಸದೆ ಬಿಡಬಹುದಾ?

ನಲಿಕಲಿ ಟೀಚರ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ಲೈಬ್ರರಿ ಕೋಣೆಯ ಹೊರಗೋಡೆ ಖಾಲಿ ಇದೆ, 12 ಅಡಿ ಅಗಲ, 8 ಅಡಿ ಎತ್ತರ. ಎದುರಿಗೇ ಹೊಂಗೆ ಮರ, ಮರದ ಸುತ್ತ ಕಟ್ಟೆ. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಬಣ್ಣದ ಖರ್ಚು ಕೊಡಲು ಒಪ್ಪಿದ್ದಾರೆ. ಭೂಪಟ, ಮಗ್ಗಿ, ಗಾಂಧೀಜಿ ಎಲ್ಲ ಬೇರೆ ಗೋಡೆಗಳ ಮೇಲೆ ಆಗಲೇ ಇವೆ. ಈ ಒಂದು ಗೋಡೆಗೆ ಮಾತ್ರ ಕಥೆ ಕೇಳುತ್ತಾ ಕೂತ ಮಕ್ಕಳ ದೊಡ್ಡ ಚಿತ್ರ ಬರಬೇಕು ಅಂತ ನನ್ನ ಆಸೆ.

ಆಸೆ ಹುಟ್ಟಿದ್ದು ಫ್ರಾನ್ಸಿನ ಚಿತ್ರಕಲಾವಿದೆ ಬರ್ತ್ ಮೊರಿಸೊ ಅವರ ಒಂದು ಚಿತ್ರ ನೋಡಿ. 1883ರದ್ದು, ಹೆಸರು 'ಲಾ ಫಾಬ್ಲ್', ಅಂದರೆ ಕಥೆ. ಪ್ಯಾರಿಸ್ ಹತ್ತಿರದ ಬೂಜಿವಾಲ್ ಅನ್ನೋ ಊರಲ್ಲಿ ಅವರು ಬೇಸಿಗೆಗೆ ಬಾಡಿಗೆ ಮನೆ ಹಿಡಿಯುತ್ತಿದ್ದರು. ಆ ಮನೆಯ ತೋಟದಲ್ಲಿ ಮಗಳು ಜೂಲಿ ಮತ್ತು ಅವಳನ್ನು ನೋಡಿಕೊಳ್ಳುತ್ತಿದ್ದ ಪಾಸಿ ಅನ್ನುವ ಹೆಣ್ಣುಮಗಳು ಇದ್ದಾರೆ. ಜೂಲಿಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಅಷ್ಟೇ ಚಿತ್ರ. ಯಾವ ಕಥೆ ನಡೀತಿದೆ ಅಂತ ಗೊತ್ತಾಗುವ ಯಾವ ಗುರುತೂ ಇಲ್ಲ, ಸಿಂಹ ಇಲ್ಲ, ಮೊಲ ಇಲ್ಲ, ರಾಜಕುಮಾರಿ ಇಲ್ಲ. ಸುತ್ತ ಹಸಿರು ಗೀಟುಗಳು, ಆತುರದಲ್ಲಿ ಎಳೆದ ಹಾಗೆ. ಹಾಗಿದ್ದೂ ಆ ಮಗು ಕಥೆಯೊಳಗೇ ಇದೆ ಅಂತ ನೋಡಿದ ತಕ್ಷಣ ಅನ್ನಿಸುತ್ತದೆ.

ಮೊಬೈಲಿನಲ್ಲಿ ನಮ್ಮ ಎಚ್‌ಎಂ ಸರ್‌ಗೆ ತೋರಿಸಿದೆ. ಅವರು ನೋಡಿ, ಚೆನ್ನಾಗಿದೆ ಮೇಡಂ, ಆದರೆ ಕಣ್ಣು ಮೂಗು ಸರಿಯಾಗಿ ಬರೆದಿಲ್ಲವಲ್ಲ, ಮಕ್ಕಳಿಗೆ ಹೇಗೆ ಅರ್ಥ ಆಗುತ್ತೆ ಅಂದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಇಷ್ಟವಿಲ್ಲ. ಅವರು ಮಕ್ಕಳ ಬಗ್ಗೆ ಯೋಚನೆ ಮಾಡಿಯೇ ಹೇಳಿದ್ದು.

ಚಿತ್ರಕಲೆ ಗೊತ್ತಿರುವವರು ಹೇಳಿ. ಮುಖ ಬಿಡಿಸದೆ ಬಿಟ್ಟರೂ ಆ ಚಿತ್ರ ಅಷ್ಟು ಜೀವಂತ ಅನ್ನಿಸುವುದು ಯಾಕೆ? ಅದು ಬೇಕಂತಲೇ ಮಾಡಿದ್ದಾ? ಗೋಡೆ ಮೇಲೆ ಆ ಥರ ಬರೆದರೆ ನಡೆಯುತ್ತಾ? ಅಲ್ಲಿನ ತೋಟವನ್ನೇ ಇಲ್ಲಿ ಬರೆಯುವುದು ನನಗೆ ಬೇಡ. ನಮ್ಮ ಮಕ್ಕಳು, ನಮ್ಮ ಹೊಂಗೆ ಮರವೇ ಆಗಬೇಕು. ಬಣ್ಣ ಹಚ್ಚುವುದಕ್ಕೆ ನಾನು, ಪಕ್ಕದ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಇಬ್ಬರೂ ಇರುತ್ತೇವೆ.


ಬಣ್ಣದ ಡಬ್ಬಿ, ದಾವಣಗೆರೆ:

ಟೀಚರ್, ಮೊದಲು ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಹೌದು, ಬೇಕಂತಲೇ ಮಾಡಿದ್ದು. ಮೊರಿಸೊಗೆ ಮುಖ ಬರೆಯಲು ಬರುತ್ತಿರಲಿಲ್ಲ ಅಂತಲ್ಲ. 1872ರ 'ತೊಟ್ಟಿಲು' ಚಿತ್ರ ನೋಡಿ, ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಅದರಲ್ಲಿ ಅವರ ಅಕ್ಕ ಎದ್ಮಾ ಮಲಗಿರುವ ಮಗುವನ್ನು ನೋಡುತ್ತಾ ಕೂತಿದ್ದಾರೆ. ಎದ್ಮಾ ಮುಖ ಎಷ್ಟು ಸ್ಪಷ್ಟ ಇದೆ! ಅದು ಮನೆಯೊಳಗಿನ ಚಿತ್ರ. ಆಚೆ ತೋಟಕ್ಕೆ ಬಂದು, ಮಗಳ ಹಿಂದೆ ಬಿದ್ದು ಬರೆಯಲು ಶುರು ಮಾಡಿದ ಮೇಲೆ ಗೀಟು ಸಡಿಲ ಆಗುತ್ತಾ ಹೋಯಿತು.

ಜೂಲಿ ಹುಟ್ಟಿದ್ದು 1878ರ ನವೆಂಬರ್‌ನಲ್ಲಿ. ಅಲ್ಲಿಂದ 1895ರಲ್ಲಿ ತಾಯಿ ತೀರಿಕೊಳ್ಳುವವರೆಗೂ ಆ ಹುಡುಗಿ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ನಾಲ್ಕು ವರ್ಷದ ಮಗು ಸುಮ್ನೆ ಕೂರುತ್ತಾ? ನಿಮಗೆ ನಾನು ಹೇಳಬೇಕಿಲ್ಲ. ಮರದ ನೆರಳು ಬೇರೆ ಜಾರುತ್ತಾ ಇರುತ್ತದೆ. ಇಂಥ ಕಡೆ ಒಂದೊಂದೇ ರೆಪ್ಪೆ ಬರೆಯುತ್ತಾ ಕೂತರೆ ಮುಖ ಸಿಗುತ್ತದೆ, ಮಗು ಸಿಗುವುದಿಲ್ಲ. ಅದಕ್ಕೇ ಅವರು ಹಸಿ ಬಣ್ಣದ ಮೇಲೆ ಹಸಿ ಬಣ್ಣ ಎಳೆದು, ಕ್ಯಾನ್ವಾಸಿನ ಅಂಚು ಕೆಲವು ಕಡೆ ಹಾಗೇ ಬಿಟ್ಟು ಎದ್ದುಬಿಡುತ್ತಿದ್ದರು. ಮುಗಿಸಿಲ್ಲ ಅನ್ನುವ ದೂರು ಆ ಕಾಲದಲ್ಲೇ ಇತ್ತು. ಅವರ ಜೊತೆ ಸೇರಿ ಪ್ರದರ್ಶನ ಮಾಡುತ್ತಿದ್ದ ಕಲಾವಿದರ ಇಡೀ ಗುಂಪಿನ ಮೇಲೂ ಇತ್ತು. 1874ರ ಏಪ್ರಿಲ್‌ನಲ್ಲಿ ಅವರ ಮೊದಲ ಪ್ರದರ್ಶನ ನಡೆದಾಗ ಲೂಯಿ ಲೆರುವಾ ಅನ್ನುವ ವಿಮರ್ಶಕ, ಗುಂಪಿನಲ್ಲಿದ್ದ ಮೊನೆ ಅನ್ನುವ ಕಲಾವಿದರ 'ಇಂಪ್ರೆಷನ್, ಸೂರ್ಯೋದಯ' ಚಿತ್ರದ ಹೆಸರನ್ನೇ ಹಿಡಿದು ಇವರನ್ನೆಲ್ಲ ಇಂಪ್ರೆಷನಿಸ್ಟರು ಅಂತ ಆಡಿಕೊಂಡ. ಆಡಿಕೊಂಡ ಹೆಸರೇ ಕೊನೆಗೆ ಉಳಿಯಿತು. 1886ರ ತನಕ ಆ ಗುಂಪು ಎಂಟು ಪ್ರದರ್ಶನ ಮಾಡಿತು. ಮೊರಿಸೊ ಏಳರಲ್ಲಿ ಇದ್ದರು. ತಪ್ಪಿಸಿಕೊಂಡದ್ದು 1879ರದ್ದು ಒಂದೇ, ಜೂಲಿ ಹುಟ್ಟಿ ಕೆಲವೇ ತಿಂಗಳಾಗಿತ್ತು.

ಇನ್ನೊಂದು ಕಾರಣ ಬಹಳ ಜನ ಹೇಳುವುದಿಲ್ಲ. ಪ್ಯಾರಿಸ್ಸಿನ ದೊಡ್ಡ ಸರ್ಕಾರಿ ಕಲಾಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆಗೆದದ್ದು 1897ರಲ್ಲಿ. ಅಷ್ಟೊತ್ತಿಗೆ ಮೊರಿಸೊ ತೀರಿಹೋಗಿ ಎರಡು ವರ್ಷ. ಗಂಡಸು ಕಲಾವಿದರ ಹಾಗೆ ಕಾಫಿ ಅಂಗಡಿಯಲ್ಲಿ, ರಂಗಮಂದಿರದ ಹಿಂದೆ ಮುಂದೆ ಒಬ್ಬರೇ ಕೂತು ಬರೆಯುವುದು ಮರ್ಯಾದಸ್ಥ ಮನೆಯ ಹೆಣ್ಣಿಗೆ ಆಗದ ಮಾತು. ಅವರಿಗೆ ದಿನಾ ಕಣ್ಣಮುಂದೆ ಇದ್ದದ್ದು ಮನೆ, ತೋಟ, ಮಗು, ಮನೆಕೆಲಸದವರು. ಅದನ್ನೇ ಅವರು ಮನಸ್ಸಿಟ್ಟು ನೋಡಿದರು. ಹಾಗೆ ನೋಡಿದ್ದಕ್ಕೇ ಕಥೆ ಕೇಳುವ ಮಗು ಹೇಗಿರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಈಗ ನಿಮ್ಮ ಗೋಡೆ. ಕಥೆ ಕೇಳುವುದು ಮುಖದಲ್ಲಿ ಕಾಣುವುದಕ್ಕಿಂತ ಮೈಯಲ್ಲಿ ಜಾಸ್ತಿ ಕಾಣುತ್ತದೆ ಅನ್ನುವುದು ನನ್ನ ಅನುಭವ. ನಾಳೆ ನಿಮ್ಮ ತರಗತಿಯಲ್ಲಿ ಬೇರೆ ಯಾರಾದರೂ ಕಥೆ ಹೇಳಲಿ, ನೀವು ಹಿಂದೆ ನಿಂತು ಮಕ್ಕಳ ಬೆನ್ನು ನೋಡಿ. ಸುಮ್ಮನೆ ಕೂತ ಮಗುವಿನ ಬೆನ್ನು ಬೇರೆ, ಕಥೆ ಕೇಳುವ ಮಗುವಿನ ಬೆನ್ನೇ ಬೇರೆ. ಮುಂದಕ್ಕೆ ಬಾಗಿರುತ್ತದೆ, ಕತ್ತು ಒಂದು ಕಡೆ ವಾಲಿರುತ್ತದೆ. ಕೈ ಲಂಗದ ಅಂಚನ್ನು ಸುತ್ತುತ್ತಾ ಬಿಚ್ಚುತ್ತಾ ಇರುತ್ತದೆ, ಅದು ಆ ಮಗುವಿಗೇ ಗೊತ್ತಿರುವುದಿಲ್ಲ. ಕಟ್ಟೆ ಮೇಲೆ ಕೂತಿದ್ದರೆ ಕಾಲು ಆಡಿಸುತ್ತಾ ಇರುತ್ತವೆ. ಕಥೆಯಲ್ಲಿ ಹುಲಿ ಬಂದ ಕ್ಷಣ ಕಾಲು ನಿಂತುಬಿಡುತ್ತದೆ, ಹೆಬ್ಬೆರಳು ಮಾತ್ರ ಮೇಲಕ್ಕೆ ಸೆಟೆದುಕೊಳ್ಳುತ್ತದೆ. ಆ ಹೆಬ್ಬೆರಳು ಬರೆದರೆ ಸಾಕು ರೀ, ಕಣ್ಣು ಬೇಕಾಗಿಲ್ಲ.

ಹಾಗಂತ ಮುಖವನ್ನು ಬೋಳಾಗಿ ಬಿಡಬೇಡಿ. ತಲೆ ಯಾವ ಕಡೆ ತಿರುಗಿದೆ ಅನ್ನುವುದು ಖಂಡಿತ ಗೊತ್ತಾಗಬೇಕು. ಹಣೆಯ ಮೇಲೆ ಒಂದು ಬೆಳಕಿನ ಗೀಟು, ಕೆನ್ನೆಗೆ ಒಂದು, ಕಣ್ಣಿನ ಗುಂಡಿಗೆ ಒಂದು ನೆರಳು. ಗೋಡೆ ಚಿತ್ರವನ್ನು ಅಂಗಳದ ಆಚೆ ತುದಿಯಿಂದ ನೋಡುತ್ತಾರೆ. ಅಷ್ಟು ದೂರಕ್ಕೆ ಈ ಮೂರು ಗೀಟು ಸೇರಿ ಮುಖವೇ ಆಗುತ್ತದೆ. ಎಚ್‌ಎಂ ಸರ್ ನೋಡಿದ್ದು ಮೊಬೈಲಿನಲ್ಲಿ, ಅಂಗೈಯಗಲದಲ್ಲಿ. ಒಂದು ದೊಡ್ಡ ಡ್ರಾಯಿಂಗ್ ಶೀಟಿನಲ್ಲಿ ಒಂದೇ ಮಗುವನ್ನು ಬರೆದು ಗೋಡೆಗೆ ಅಂಟಿಸಿ, ಅವರನ್ನು ಗೇಟಿನ ಹತ್ತಿರ ನಿಲ್ಲಿಸಿ ತೋರಿಸಿ. ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಅದು ಸುಲಭ.


ದುರ್ಗದ ಬಿಸಿಲು, ಚಿತ್ರದುರ್ಗ:

ಮೇಲಿನವರು ಹೇಳಿದ್ದು ಎಲ್ಲ ಸರಿ. ನಾನು ಬೆಳಕಿನ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಜಾಸ್ತಿ ಎಡವುವುದು ಅಲ್ಲೇ. ಫ್ರಾನ್ಸಿನ ಚಿತ್ರದ ಹಸಿರು, ಅಲ್ಲಿನ ನೀಲಿ ನೆರಳು ತಂದು ನಮ್ಮ ಮರಕ್ಕೆ ಹಚ್ಚಿದರೆ ಅದು ನಮ್ಮ ಮರ ಅನ್ನಿಸುವುದೇ ಇಲ್ಲ.

ಪ್ಯಾರಿಸ್ ಇರುವುದು ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದುರ್ಗ, ದಾವಣಗೆರೆ ಎರಡೂ 14 ಡಿಗ್ರಿಯ ಆಸುಪಾಸು. ಅಲ್ಲಿ ಜೂನ್ 21ರ ನಡು ಮಧ್ಯಾಹ್ನವೂ ಸೂರ್ಯ 65 ಡಿಗ್ರಿ ಎತ್ತರ ದಾಟುವುದಿಲ್ಲ. ನಮ್ಮಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಒಮ್ಮೆ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆವತ್ತು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಇನ್ನು ಅಲ್ಲಿನ ಬೇಸಿಗೆ ಹಗಲು 16 ಗಂಟೆ, ಸಂಜೆ ಇಳಿಬಿಸಿಲು ಗಂಟೆಗಟ್ಟಲೆ ಇರುತ್ತದೆ. ನಮ್ಮ ಅತಿ ಉದ್ದದ ಹಗಲೇ 13 ಗಂಟೆ, ಸೂರ್ಯ ಇಳಿಯಲು ಶುರು ಮಾಡಿದರೆ ದಡದಡ ಇಳಿದುಬಿಡುತ್ತಾನೆ. ಅಂದರೆ ಆ ಕಲಾವಿದರಿಗೆ ಸಿಗುತ್ತಿದ್ದ ಓರೆ ಬೆಳಕು ನಮಗೆ ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕೂವರೆಯಿಂದ ಆರು, ಅಷ್ಟೇ. ನೀವು ಸ್ಕೆಚ್ ಮಾಡುವುದು ಆ ಹೊತ್ತಿನಲ್ಲೇ ಇರಲಿ.

ಆದರೆ ನೀವು ಹೇಳಿದ ಮಕ್ಕಳು ಕೂರುವುದು ಊಟದ ನಂತರ ಇರಬೇಕು, ಅಂದರೆ ಎರಡು ಗಂಟೆಯ ಬಿಸಿಲು. ಆ ಹೊತ್ತೇ ಬೇಕು ಅಂದರೆ ಅದಕ್ಕೂ ಒಂದು ಚೆಂದ ಇದೆ. ಮರದ ಕೆಳಗೆ ಕೂತು ನೆಲ ನೋಡಿ. ಎಲೆ ಸಂದಿಯಿಂದ ಬಿದ್ದ ಬೆಳಕು ಗುಂಡಗೆ ಇರುತ್ತದೆ, ಸಂದಿ ಯಾವ ಆಕಾರದಲ್ಲಿದ್ದರೂ ಬೆಳಕಿನ ಬೊಟ್ಟು ಗುಂಡಗೇ. ಅದು ಸೂರ್ಯನದೇ ಬಿಂಬ. ಸಣ್ಣ ತೂತಿನಿಂದ ಬಂದು ನೆಲಕ್ಕೆ ಬಿದ್ದಿರುತ್ತದೆ. ಅದೇ ಗುಂಪಿನ ರೆನ್ವಾ 1876ರಲ್ಲಿ ಈ ಬೊಟ್ಟುಗಳನ್ನು ಜನರ ಬಟ್ಟೆ ಮೇಲೆ, ಮುಖದ ಮೇಲೆ ಬರೆದಾಗ ಪ್ಯಾರಿಸ್ಸಿನವರಿಗೆ ಸರಿಬರಲಿಲ್ಲ. ನಿಮ್ಮ ಮಕ್ಕಳ ನೀಲಿ ಯೂನಿಫಾರಂ ಮೇಲೆ ಆ ಬೊಟ್ಟು ಬಿದ್ದರೆ ಹೇಗೆ ಕಾಣುತ್ತದೆ ಅಂತ ನೋಡಿ, ಬಿಳಿ ಹಚ್ಚಬೇಡಿ, ಮಾಸಲು ಹಳದಿ ಬೆರೆಸಿದ ತಿಳಿನೀಲಿ ಇರುತ್ತದೆ.

ನೆರಳಿಗೆ ಕಪ್ಪು ಬೇಡವೇ ಬೇಡ. ಇದನ್ನು ಇಂಪ್ರೆಷನಿಸ್ಟರಿಂದ ಧಾರಾಳ ತೆಗೆದುಕೊಳ್ಳಿ. ಆದರೆ ಅವರ ನೀಲಿಯನ್ನೇ ತರಬೇಡಿ. ನಮ್ಮದು ಕೆಂಪು ಮಣ್ಣಿನ ಅಂಗಳವಾದರೆ ನೆರಳು ನೇರಳೆ ಕಡೆ ವಾಲುತ್ತದೆ, ಎರೆ ಮಣ್ಣಾದರೆ ಬೂದು ನೀಲಿ. ಹೊಂಗೆ ಎಲೆಯ ಹಸಿರೂ ತಿಂಗಳು ತಿಂಗಳಿಗೆ ಬೇರೆ. ಎಲೆ ಉದುರಿ ಚಿಗುರು ಬಂದಾಗ ಹಳದಿ ಮಿಂಚುವ ಹಸಿರು, ಮಳೆಗಾಲಕ್ಕೆ ಕಡು ಹಸಿರು. ಬೇಸಿಗೆಯಲ್ಲಿ ಹೂ ಉದುರಿದರೆ ಕಟ್ಟೆ ತುಂಬಾ ಮಂಡಕ್ಕಿ ಚೆಲ್ಲಿದ ಹಾಗೆ ಇರುತ್ತದೆ, ಬಿಳಿಯಲ್ಲಿ ಒಂಚೂರು ನೇರಳೆ. ನಾನಾಗಿದ್ದರೆ ಆ ಹೂ ಬಿದ್ದ ನೆಲವನ್ನೇ ಗೋಡೆಯ ಕೆಳಗಿನ ಎರಡಡಿ ಬರೆಯುತ್ತಿದ್ದೆ.

ಹೊರಗೆ ಕೂತು ಬರೆಯುವುದು ಅಂದರೆ ಫ್ರಾನ್ಸೇ ನೋಡಬೇಕಿಲ್ಲ. ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಮರದ ಎದುರಿಗೇ ಕೂತು ಬರೆದವರು. ನಮ್ಮ ಹಿರಿಯೂರು ತಾಲ್ಲೂಕು ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿಯವರ ಜಲವರ್ಣ ಚಿತ್ರ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅವರು ಬರೀ ಚಿತ್ರಕಾರರಲ್ಲ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ಹಳ್ಳಿ ಹಳ್ಳಿ ತಿರುಗಿದವರು. ಕಥೆ ಹೇಳುವ ಜನರನ್ನೂ ಊರಿನ ಬೆಳಕನ್ನೂ ಒಟ್ಟಿಗೆ ಬಲ್ಲವರು ನಮ್ಮ ಜಿಲ್ಲೆಯಲ್ಲೇ ಇದ್ದರು ಅನ್ನುವುದು ನನಗೆ ಹೆಮ್ಮೆ.

ಗಾಳಿ ಬಗ್ಗೆ ಒಂದು ಮಾತು. ಈಸಲ್ (ಬೋರ್ಡು ನಿಲ್ಲಿಸುವ ಸ್ಟ್ಯಾಂಡು) ತಗೊಂಡು ಹೊರಗೆ ಕೂತರೆ ಕೆಳಗಡೆ ಒಂದು ಚೀಲದಲ್ಲಿ ಕಲ್ಲು ತುಂಬಿ ನೇತುಹಾಕಿ. ನಮ್ಮ ದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆ ಗಾಳಿಯಂತ್ರ ಯಾಕೆ ನಿಂತಿವೆ ಅಂತ ಬೋರ್ಡು ಹಾರಿಹೋದಾಗ ಗೊತ್ತಾಗುತ್ತದೆ.


ಅಂಗಳದ ಅಕ್ಕ, ಹರಿಹರ:

ಇಬ್ಬರೂ ಚಿತ್ರ ಹೇಗೆ ಬರೆಯಬೇಕು ಅಂತ ಹೇಳಿದಿರಿ, ಓದಿ ಖುಷಿಯಾಯಿತು. ಆದರೆ ಆ ಚಿತ್ರದಲ್ಲಿ ಕಥೆ ಹೇಳುತ್ತಿರುವವಳು ಯಾರು? ಅದನ್ನು ಯಾರೂ ಮಾತಾಡಲಿಲ್ಲ.

ಪಾಸಿ ಆ ಮನೆಯ ಕೆಲಸದವಳು. ತಾಯಿ ಅಲ್ಲ, ಅಜ್ಜಿ ಅಲ್ಲ. ಸಂಬಳಕ್ಕೆ ಮಗು ನೋಡಿಕೊಳ್ಳುವವಳು. ಮೊರಿಸೊ ಅವಳನ್ನು ಬೇರೆ ಚಿತ್ರದಲ್ಲೂ ಬರೆದಿದ್ದಾರೆ, ಅದೇ ಬೂಜಿವಾಲ್ ತೋಟದಲ್ಲಿ ಹೊಲಿಗೆ ಹಾಕುತ್ತಾ ಕೂತ ಹಾಗೆ. ಮಗು ನೋಡಿಕೊಳ್ಳುವುದು, ಹೊಲಿಯುವುದು, ಕಥೆ ಹೇಳುವುದು, ಇವು ಯಾವುವನ್ನೂ ದೊಡ್ಡ ಚಿತ್ರಕ್ಕೆ ತಕ್ಕ ವಿಷಯ ಅಂತ ಆಗ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಯುದ್ಧ, ದೇವರು, ರಾಜರು, ಅದೇ ದೊಡ್ಡದು. ಮೊರಿಸೊ ಅವಳನ್ನು ಹೆಸರು ಗೊತ್ತಿಲ್ಲದ ದಾಸಿಯ ಹಾಗೆ ಮೂಲೆಗೆ ನಿಲ್ಲಿಸಲಿಲ್ಲ. ಮಗುವಿನಷ್ಟೇ ಜಾಗ ಕೊಟ್ಟು ಕೂರಿಸಿದರು. ಹಾಗೆ ಕೂರಿಸಿದ ಮೊರಿಸೊ ಅವರಿಗೇ ಕೊನೆಗೆ ಏನಾಯಿತು ಗೊತ್ತಾ? ಅವರ ಮರಣಪತ್ರದಲ್ಲಿ ಉದ್ಯೋಗ ಇಲ್ಲ ಅಂತ ಬರೆದರು. ಜೀವನವಿಡೀ ಚಿತ್ರ ಬರೆದವರಿಗೆ! ಮುಂದಿನ ವರ್ಷ, 1896ರಲ್ಲಿ, ಅದೇ ಗುಂಪಿನ ಮೊನೆ, ದೆಗಾ, ರೆನ್ವಾ, ಜೊತೆಗೆ ಕವಿ ಮಲಾರ್ಮೆ ಎಲ್ಲ ನಿಂತು ಅವರ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿದರು. ಹದಿನೇಳು ವರ್ಷದ ಜೂಲಿಯೂ ಜೊತೆಗಿದ್ದಳು. ಅಪ್ಪನೂ 1892ರಲ್ಲೇ ಹೋಗಿದ್ದರು.

ಅದಕ್ಕೇ ಟೀಚರ್, ನಿಮ್ಮ ಗೋಡೆ ಮೇಲೆ ಕಥೆ ಹೇಳುವವರು ಯಾರು ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಬಹಳ ಕಡೆ ಗೋಡೆ ಚಿತ್ರ ನೋಡಿದ್ದೇನೆ. ಬಿಳಿ ಸೀರೆ, ಬಿಳಿ ಕೂದಲು, ಕನ್ನಡಕ, ಕೈಯಲ್ಲಿ ಪುಸ್ತಕ ಹಿಡಿದ ಒಬ್ಬ ಅಜ್ಜಿ. ಅಂಥ ಅಜ್ಜಿ ನಿಮ್ಮ ಊರಲ್ಲಿ ಇದ್ದಾರಾ? ಇಲ್ಲದಿದ್ದರೆ ಬೇಡ. ನಿಮ್ಮ ಶಾಲೆಯ ಮಕ್ಕಳಿಗೆ ನಿಜವಾಗಿ ಕಥೆ ಹೇಳುವವರು ಯಾರಿದ್ದಾರೋ ಅವರನ್ನು ಬರೆಯಿರಿ.

ಎಚ್‌ಎಂ ಸರ್ ಮಾತಿಗೂ ಒಂದು ತೂಕ ಇದೆ. ಕಲೆ ಗೊತ್ತಿಲ್ಲದವರ ಮಾತು ಅಂತ ಬಿಡಬಾರದು. ಮಕ್ಕಳು ಗೋಡೆ ಮುಂದೆ ನಿಂತ ತಕ್ಷಣ ಇದು ನಾನು, ಇದು ನೀನು ಅಂತ ಹುಡುಕುತ್ತಾರೆ. ಹುಡುಕಲು ಏನಾದರೂ ಸಿಗಬೇಕು. ಕಣ್ಣು ಮೂಗೇ ಆಗಬೇಕಿಲ್ಲ, ಎರಡು ಜಡೆಯ ಕೆಂಪು ರಿಬ್ಬನ್ ಇರಲಿ, ಒಬ್ಬನ ಶರ್ಟಿನ ಗುಂಡಿ ಮೇಲೆ ಕೆಳಗೆ ಆಗಿರಲಿ, ಇನ್ನೊಬ್ಬಳ ಮಡಿಲಲ್ಲಿ ತಮ್ಮ ಕೂತಿರಲಿ. ತಮ್ಮನ್ನ ಎತ್ತಿಕೊಂಡೇ ಶಾಲೆಗೆ ಬರುವ ಹುಡುಗಿಯರು ಇನ್ನೂ ಇದ್ದಾರಲ್ಲ.

ಇನ್ನೊಂದು ಯೋಚನೆ. ನಮ್ಮ ಕಡೆ ಕಥೆ ನಡೆಯುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಊಟ ಮುಗಿಸಿ, ಅಂಗಳಕ್ಕೆ ಚಾಪೆ ಹಾಕಿ, ಬೆಳದಿಂಗಳು ಇದ್ದರೆ ಇನ್ನೂ ಒಳ್ಳೆಯದು. ಕೇಳುವವರು ಹ್ಞೂಂ ಹ್ಞೂಂ ಅನ್ನುತ್ತಾ ಇರಬೇಕು, ಹೂಂಗುಟ್ಟುವುದು ನಿಂತರೆ ಮಗು ಮಲಗಿತು ಅಂತ ಕಥೆಯೂ ನಿಲ್ಲುತ್ತಿತ್ತು. ಇಂಪ್ರೆಷನಿಸ್ಟರ ಕಥೆ ಹಗಲಿನದು, ನಮ್ಮದು ಕತ್ತಲಿನದು. ಹೊಂಗೆ ಮರದ ಚಿತ್ರವನ್ನು ಹುಣ್ಣಿಮೆಯಲ್ಲಿ ಬರೆಯಬಹುದಲ್ಲ ಅಂತ ನನಗೆ ಅನ್ನಿಸಿತು. ಚಿತ್ರ ಬರೆಯುವವರು ಇದಕ್ಕೆ ಏನಂತೀರಿ?


ಬಣ್ಣದ ಡಬ್ಬಿ, ದಾವಣಗೆರೆ:

ಅಕ್ಕಾ, ಪಾಸಿ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಒಪ್ಪಿದೆ. ನಾನು ಮಗುವನ್ನು ಬರೆಯುವುದರ ಬಗ್ಗೆಯೇ ಹೇಳುತ್ತಾ ಹೋದೆ, ನೀವು ಅದನ್ನು ಪೂರ್ತಿ ಮಾಡಿದಿರಿ.

ಹುಣ್ಣಿಮೆ ವಿಚಾರಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ರಾತ್ರಿ ಚಿತ್ರ ಕ್ಯಾನ್ವಾಸಿನಲ್ಲಿ ಚೆನ್ನಾಗಿರುತ್ತದೆ. ಶಾಲೆಯ ಹೊರಗೋಡೆ ಇಡೀ ದಿನ ಬಿಸಿಲಿಗೆ ನಿಂತಿರುತ್ತದೆ, ಮಕ್ಕಳು ನೋಡುವುದೂ ಹಗಲಿನಲ್ಲೇ. ಕಡು ನೀಲಿ ಬಳಿದ ದೊಡ್ಡ ಗೋಡೆ ಬಿಸಿಲಿನಲ್ಲಿ ಬೇಗ ಮಾಸುತ್ತದೆ, ಧೂಳು ಕೂತರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎದುರಿಗೆ ನಿಜವಾದ ಮರ, ನಿಜವಾದ ಕಟ್ಟೆ ಇದೆ. ಅದೇ ಮರ, ಅದೇ ಬೆಳಕು ಗೋಡೆಯಲ್ಲೂ ಇದ್ದರೆ ಮಕ್ಕಳಿಗೆ ಹೋಲಿಸಿ ನೋಡಲು ಸಿಗುತ್ತದೆ. ನೆರಳು ಇಲ್ಲಿ ನೇರಳೆ ಇದೆಯಲ್ಲ ಟೀಚರ್, ಅಲ್ಲಿ ನೆಲದ ಮೇಲೂ ಇದೆಯಾ ಅಂತ ಒಂದು ಮಗು ಕೇಳಿದರೆ ಅದಕ್ಕಿಂತ ದೊಡ್ಡ ಡ್ರಾಯಿಂಗ್ ಪಾಠ ಯಾವುದು?

ಹಾಗೆ ಹೂಂಗುಟ್ಟುವುದನ್ನು ಬಿಡಬೇಡಿ. ಬಾಯಿ ಅರ್ಧ ತೆರೆದ ಒಂದು ಮಗು, ಗದ್ದಕ್ಕೆ ಒಂದೇ ಗೀಟು ಜಾಸ್ತಿ. ಅದು ಹ್ಞೂಂ ಅನ್ನುತ್ತಿದೆ ಅಂತ ನಮ್ಮವರಿಗೆ ತಾನಾಗೇ ತಿಳಿಯುತ್ತದೆ.

ಟೀಚರ್, ಇನ್ನೊಂದು ಚಿತ್ರ ಹುಡುಕಿ ನೋಡಿ. ಅದೂ ಮೊರಿಸೊ ಅವರದೇ, 1881ರದ್ದು, ಪ್ಯಾರಿಸ್ಸಿನ ಮಾರ್ಮೊತ್ತಾನ್ ಮೊನೆ ಮ್ಯೂಸಿಯಂನಲ್ಲಿದೆ. ಗಂಡ ಯೂಜೀನ್ ಮಾನೆ ಅದೇ ತೋಟದ ಬೆಂಚಿನ ಮೇಲೆ ಕೂತಿದ್ದಾರೆ, ತೊಡೆ ಮೇಲೆ ಮಗಳ ಆಟದ ಸಾಮಾನು. ದೊಡ್ಡ ಚಿತ್ರಕಾರ ಎದುವಾರ್ ಮಾನೆ ಅವರ ತಮ್ಮ ಈತ. ಅಪ್ಪ ಕೆಲಸ ಬಿಟ್ಟು ಮಗುವಿನ ಆಟಕ್ಕೆ ಮಡಿಲು ಕೊಟ್ಟು ಕೂತಿರುವುದನ್ನು ಆ ಕಾಲದ ಚಿತ್ರಗಳಲ್ಲಿ ಹುಡುಕಿದರೂ ಅಪರೂಪ. ನಿಮ್ಮ ಗೋಡೆ ಮೇಲೆ ಒಬ್ಬ ಅಪ್ಪನೂ ಇರಲಿ ಅಂತ ನನ್ನ ಕೋರಿಕೆ. ಶಾಲೆಗೆ ಮಗು ಬಿಡಲು ಬಂದವನು, ಸೈಕಲ್ ಹಿಡಿದು ನಿಂತೇ ಕಥೆ ಕೇಳುತ್ತಾ ಉಳಿದುಬಿಟ್ಟವನು.


ನಲಿಕಲಿ ಟೀಚರ್, ದಾವಣಗೆರೆ:

ಎಲ್ಲರ ಉತ್ತರ ಬಿಡುವಿನಲ್ಲಿ ಕೂತು ಓದಿದೆ. ಅಂಗಳದ ಅಕ್ಕ ಕೇಳಿದ ಪ್ರಶ್ನೆ ತಲೆಯಲ್ಲೇ ಕೂತಿದೆ. ನಮ್ಮ ಶಾಲೆಯಲ್ಲಿ ಕಥೆ ಹೇಳುವವರು ಯಾರು ಅಂದರೆ, ಬಿಸಿಯೂಟ ಮಾಡುವ ಅಕ್ಕ. ಪಾತ್ರೆ ತೊಳೆದು ಮುಗಿಸಿ, ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಕಟ್ಟೆಗೆ ಬರುತ್ತಾರೆ. ಒನಕೆ ಓಬವ್ವ, ಪುಣ್ಯಕೋಟಿ, ಕಾಗಕ್ಕ ಗುಬ್ಬಕ್ಕ ಎಲ್ಲ ಅವರ ಬಾಯಲ್ಲೇ ಮಕ್ಕಳು ಕೇಳಿರುವುದು. ಓಬವ್ವನ ಕಥೆ ಹೇಳುವಾಗ ಕೈಯಲ್ಲಿರುವ ಸೌಟನ್ನೇ ಒನಕೆ ಥರ ಎತ್ತಿ ಹಿಡಿಯುತ್ತಾರೆ, ಮುಂದೆ ಕೂತ ಮಕ್ಕಳು ಹಿಂದಕ್ಕೆ ವಾಲುತ್ತವೆ. ಇಷ್ಟು ದಿನ ಅದು ಊಟದ ನಂತರದ ಗಲಾಟೆ ಅಂತಲೇ ನಮ್ಮ ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು.

ಅವರನ್ನೇ ಬರೆಯುತ್ತೇವೆ. ಕೇಳಿದೆ, ಮೊದಲು ಬೇಡ ಅಂದರು, ಆಮೇಲೆ ಹಸಿರು ಸೀರೆ ಉಟ್ಟುಕೊಂಡು ಬರಲಾ ಅಂದರು. ಬೇಡ, ದಿನಾ ಉಡುವ ಸೀರೆ, ಮೇಲೆ ಕಟ್ಟುವ ಏಪ್ರನ್ ಇರಲಿ ಅಂದಿದ್ದೇನೆ. ಸೌಟಂತೂ ಇರಲೇಬೇಕು. ಎಚ್‌ಎಂ ಸರ್‌ಗೆ ಈ ಮಾತು ಹೇಳಿದ ತಕ್ಷಣ ಮುಖದ ಚರ್ಚೆ ಅರ್ಧ ಮುಗಿಯಿತು. ಅಕ್ಕನ ಮುಖ ಮಾತ್ರ ಗುರುತು ಸಿಗುವ ಹಾಗೆ ಇರಲಿ, ಮಕ್ಕಳದ್ದು ನಿಮ್ಮಿಷ್ಟ ಅಂದರು. ನನಗೂ ಅದು ಸರಿ ಅನ್ನಿಸಿತು. ಹೇಳುವವರ ಮುಖ ಸ್ವಲ್ಪ ಬಿಡಿಸಿ, ಕೇಳುವವರದ್ದು ಸಡಿಲ ಬಿಟ್ಟರೆ ಚಿತ್ರ ಕೆಡುತ್ತದಾ?

ಬಣ್ಣ ಯಾವುದು ತರಬೇಕು ಅದನ್ನೂ ಹೇಳಿ. ಗೋಡೆಯ ಕೆಳಭಾಗದಲ್ಲಿ ಮಳೆಗಾಲದಲ್ಲಿ ತೇವ ಏರುತ್ತದೆ, ಹಳೆ ಸುಣ್ಣ ಪುಡಿ ಪುಡಿ ಉದುರುತ್ತದೆ.


ಬಣ್ಣದ ಡಬ್ಬಿ, ದಾವಣಗೆರೆ:

ಕೆಡುವುದಿಲ್ಲ. ಮೊರಿಸೊ ಕೂಡ ಇಡೀ ಚಿತ್ರವನ್ನು ಒಂದೇ ಸಮ ಸಡಿಲ ಮಾಡುತ್ತಿರಲಿಲ್ಲ, ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ಗೀಟು ಹತ್ತಿರ ಹತ್ತಿರ, ಅಂಚಿಗೆ ಹೋದ ಹಾಗೆ ದೂರ ದೂರ. ಅಕ್ಕನ ಮುಖ ಮತ್ತು ಸೌಟು ಹಿಡಿದ ಕೈ, ಈ ಎರಡು ಕಡೆ ಸಣ್ಣ ಬ್ರಷ್ ಬಳಸಿ. ಉಳಿದದ್ದಕ್ಕೆಲ್ಲ ಎರಡು ಇಂಚಿನ ಬ್ರಷ್ ಸಾಕು, ಅದಕ್ಕಿಂತ ಸಣ್ಣದು ಕೈಗೆ ಸಿಗದ ಹಾಗೆ ಇಡಿ, ಸಿಕ್ಕರೆ ಕೈ ತಾನಾಗೇ ಎಲೆ ಎಣಿಸಲು ಹೋಗುತ್ತದೆ.

ಬಣ್ಣಕ್ಕೆ ಆಯಿಲ್ ಪೇಂಟ್ ಬೇಡ, ತೇವ ಇರುವ ಗೋಡೆಯಲ್ಲಿ ಗುಳ್ಳೆ ಬಂದು ಸಿಪ್ಪೆ ಏಳುತ್ತದೆ. ಹೊರಗೋಡೆಗೆ ಹಚ್ಚುವ ಎಮಲ್ಷನ್ (ನೀರು ಬೆರೆಸುವ ಬಣ್ಣ) ಬಿಳಿ ತನ್ನಿ, ಅದಕ್ಕೆ ಸ್ಟೇನರ್, ಅಂದರೆ ಬಣ್ಣ ಕೊಡುವ ದ್ರವ, ಬೆರೆಸಿಕೊಳ್ಳಿ. ಹಳದಿ, ಕೆಂಪು, ನೀಲಿ, ಹಸಿರು, ಕಂದು, ಇಷ್ಟು ಸಾಕು. ಕಪ್ಪು ಸ್ಟೇನರ್ ಅಂಗಡಿಯಲ್ಲೇ ಇರಲಿ. ಬರೀ ಸ್ಟೇನರ್ ಬಳಿಯಬೇಡಿ, ಬಿಸಿಲಿಗೆ ನಿಲ್ಲುವುದಿಲ್ಲ, ಬಿಳಿಯಲ್ಲಿ ಬೆರೆಸಿಯೇ ಹಚ್ಚಿ. ತಿಳಿ ಬಣ್ಣಗಳೇ ಜಾಸ್ತಿ ಬರುತ್ತವೆ, ನಿಮಗೆ ಬೇಕಾದದ್ದೂ ಅದೇ.

ಸುಣ್ಣ ಪುಡಿ ಉದುರುವ ಜಾಗವನ್ನು ಕೆರೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ತೊಳೆದು, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಹೊರಗೋಡೆಯ ಪ್ರೈಮರ್. ಇದನ್ನು ಬಿಟ್ಟು ಚಿತ್ರ ಬರೆದರೆ ಒಂದು ಮಳೆಗಾಲಕ್ಕೆ ಮಕ್ಕಳ ಕಾಲೆಲ್ಲ ಉದುರಿಹೋಗುತ್ತವೆ. ಗೋಡೆ ಬುಡದಲ್ಲಿ ನೀರು ನಿಲ್ಲುತ್ತಿದ್ದರೆ ಮೊದಲು ಅದಕ್ಕೆ ಚರಂಡಿ ದಾರಿ ಮಾಡಿಸಿ.

ಎಮಲ್ಷನ್ ಬಿಸಿಲಿನಲ್ಲಿ ಬೇಗ ಒಣಗುತ್ತದೆ. ಹಸಿ ಬಣ್ಣಕ್ಕೆ ಹಸಿ ಬಣ್ಣ ಸೇರಬೇಕು ಅಂದರೆ ಗೋಡೆಗೆ ನೆರಳಿರುವ ಹೊತ್ತು ನೋಡಿಕೊಂಡು ಕೆಲಸ ಮಾಡಿ, ಒಂದು ಸ್ಪ್ರೇ ಬಾಟಲಿ ನೀರು ಪಕ್ಕದಲ್ಲಿರಲಿ, ಆಗಾಗ ತೆಳ್ಳಗೆ ಚಿಮುಕಿಸಿ.


ದುರ್ಗದ ಬಿಸಿಲು, ಚಿತ್ರದುರ್ಗ:

ಬಿಸಿಯೂಟದ ಅಕ್ಕ! ಓದಿ ಮೈ ಜುಮ್ಮೆಂದಿತು. ಓಬವ್ವನ ಕಥೆಯನ್ನು ಸೌಟು ಹಿಡಿದು ಹೇಳುವವರನ್ನು ಬರೆಯುತ್ತೀರಿ ಅಂದಮೇಲೆ ದುರ್ಗದವನಾಗಿ ನಾನು ಬಾರದೆ ಇರಲಾರೆ. ಒಂದು ಭಾನುವಾರ ಬಂದು ಆ ನೆಲದ ಹೂವಿನ ಭಾಗಕ್ಕೆ ಕೈಜೋಡಿಸುತ್ತೇನೆ, ನಿಮ್ಮ ಒಪ್ಪಿಗೆ ಇದ್ದರೆ. ಬರುವ ಮೊದಲು ಒಂದು ಸಹಾಯ ಮಾಡಿ, ಮಧ್ಯಾಹ್ನ ಎರಡಕ್ಕೆ ಮತ್ತು ಸಂಜೆ ಐದಕ್ಕೆ ಕಟ್ಟೆಯ ಫೋಟೊ ತೆಗೆದು ಹಾಕಿ, ನೆರಳು ಯಾವ ಕಡೆ ಬೀಳುತ್ತದೆ ನೋಡೋಣ.


ನಲಿಕಲಿ ಟೀಚರ್, ದಾವಣಗೆರೆ:

ಖಂಡಿತ ಬನ್ನಿ ಸರ್, ಊಟ ನಮ್ಮ ಕಡೆಯಿಂದ. ಫೋಟೊ ನಾಳೆ ಹಾಕುತ್ತೇನೆ. ಚರಂಡಿ ವಿಚಾರ ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ ಮಾತಾಡಿದೆ, ಮಳೆಗೆ ಮುಂಚೆ ಮಾಡಿಸುತ್ತೇವೆ ಅಂದಿದ್ದಾರೆ. ಸೈಕಲ್ ಹಿಡಿದು ನಿಂತ ಅಪ್ಪನಿಗೆ ಆಗಲೇ ಇಬ್ಬರು ತಯಾರಿದ್ದಾರೆ, ಯಾರನ್ನು ಬರೆಯುವುದು ಅಂತ ಮಕ್ಕಳೇ ಹೇಳಲಿ.